ಕಾಲುಬಾಯಿ ರೋಗ

ಕಾಲುಬಾಯಿ ರೋಗವು ದನ, ಎಮ್ಮೆ, ಕುರಿ, ಮೇಕೆ, ಹಂದಿ ಮೊದಲಾದ ಸೀಳುಗೊರಸಿನ ಪ್ರಾಣಿಗಳಿಗೆ ತಗಲುವ ಸಾಂಕ್ರಾಮಿಕ ವೈರಸ್ ರೋಗ. ಜ್ವರ ಬಂದು, ನಾಲಗೆ, ಒಸಡು, ಕೆಚ್ಚಲು ಹಾಗೂ ಗೊರಸಿನ ಸಂದುಗಳಲ್ಲಿ ಬೊಬ್ಬೆಗಳೇಳುತ್ತವೆ. ಬೆಳೆದ ಪ್ರಾಣಿಗಳು ಸಾಮಾನ್ಯವಾಗಿ ಚೇತರಿಸಿಕೊಂಡರೂ ಹಾಲು ಇಳಿಯುತ್ತದೆ. ಎಳೆಯ ಕರುಮರಿಗಳು ಸಾಯುವುದುಂಟು.

ರೋಗದ ಹರಡುವಿಕೆಯಲ್ಲಿ ಹಂದಿಯ ಪಾತ್ರ ದೊಡ್ಡದು. ಸೋಂಕು ತಗಲಿದ ಹಂದಿಯ ಉಸಿರಿನಲ್ಲಿ ದನದ ಉಸಿರಿಗಿಂತ ಬಹಳ ಹೆಚ್ಚು ವೈರಸ್ ಹೊರಬೀಳುತ್ತದೆ. 2001ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನ ಎಸೆಕ್ಸ್‌ನ ಕಸಾಯಿಖಾನೆಯೊಂದರ ಹಂದಿಗಳಲ್ಲಿ ರೋಗ ಪತ್ತೆಯಾಯಿತು. ನಾರ್ಥಂಬರ್‌ಲೆಂಡಿನ ಹಂದಿ ಸಾಕಣೆಯೊಂದರಲ್ಲಿ ಸರಿಯಾಗಿ ಕುದಿಸದೆ ಉಣಿಸಿದ ಮುಸುರೆಯೇ ಮೂಲವಿರಬೇಕೆಂದು ತನಿಖೆ ತೀರ್ಮಾನಿಸಿತು. ಅಷ್ಟರಲ್ಲಿ ಸಂತೆಗಳಲ್ಲಿ ಮಾರಾಟವಾದ ಕುರಿಗಳೊಡನೆ ರೋಗವು ದೂರದೂರಕ್ಕೆ ಸಾಗಿತ್ತು. 2,000ಕ್ಕೂ ಹೆಚ್ಚು ಸ್ಥಳಗಳಲ್ಲಿ ಸೋಂಕು ದೃಢಪಟ್ಟಿತು. 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಲ್ಲಲಾಯಿತು. ಅವುಗಳಲ್ಲಿ ಬಹುಪಾಲಿಗೆ ರೋಗವೇ ಇರಲಿಲ್ಲ. ಮೇ ತಿಂಗಳಿಗೆ ಉದ್ದೇಶಿಸಿದ್ದ ಚುನಾವಣೆಗಳು ಜೂನ್ 7ಕ್ಕೆ ಹೋದವು. ಮುಸುರೆ ಉಣಿಸುವುದನ್ನು ಅದೇ ವರ್ಷ ನಿಷೇಧಿಸಲಾಯಿತು.

ಭಾರತದಲ್ಲಿ ಈ ರೋಗ ಇನ್ನೂ ಅಳಿದಿಲ್ಲ. ಅಲ್ಲಿನ ನಿಯಂತ್ರಣ ಲಸಿಕೆಯನ್ನು ನೆಚ್ಚಿದೆ. ಮಾಂಸ ಮತ್ತು ಹಾಲಿನ ಪದಾರ್ಥಗಳ ಮೂಲಕವೂ ವೈರಸ್ ದೇಶದಿಂದ ದೇಶಕ್ಕೆ ದಾಟಬಲ್ಲದು. ಊರಿನಿಂದ ಹೊರಟ ಪೇಡದ ಪೊಟ್ಟಣಕ್ಕೆ ಬ್ರಿಟನ್ನಿನಲ್ಲಿ ಪ್ರವೇಶವಿಲ್ಲದಿರುವುದರ ಹಿಂದೆ ಈ ಭಯವೂ ಇದೆ.