ಎರಡು ಮಾಪಕಗಳು, ಒಂದು ತೀರ್ಪು

ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿದ ನನಗೆ ಕ್ರೀಡಾ ಇತಿಹಾಸದ ಒಂದು ಪ್ರಕರಣ ಬಹುವಾಗಿ ಕಾಡಿದೆ. ಅಲ್ಲಿ ವಿಚಾರಣೆಗೊಳಗಾದದ್ದು ಆಟಗಾರ ಮಾತ್ರವಲ್ಲ, ಅಳತೆಯೂ ಹೌದು.

2015ರ ಜನವರಿ 18ರಂದು ಅಮೆರಿಕದ ಫಾಕ್ಸ್‌ಬರೋದಲ್ಲಿ ನಡೆದ ಅಮೆರಿಕನ್ ಫುಟ್‌ಬಾಲ್ ಪಂದ್ಯದಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡವು ಇಂಡಿಯಾನಾಪೊಲಿಸ್ ಕೋಲ್ಟ್ಸ್ ತಂಡವನ್ನು 45–7ರಿಂದ ಸೋಲಿಸಿತು. ಆ ಆಟದಲ್ಲಿ ಪ್ರತಿ ತಂಡವೂ ದಾಳಿ ಮಾಡುವಾಗ ತನ್ನವೇ ಚೆಂಡುಗಳನ್ನು ಬಳಸುತ್ತದೆ. ಒಳಗಿನ ಒತ್ತಡ ಚದರ ಅಂಗುಲಕ್ಕೆ 12.5ರಿಂದ 13.5 ಪೌಂಡ್ ಇರಬೇಕೆಂಬುದು ನಿಯಮ. ವಿರಾಮದಲ್ಲಿ ಅಳೆದಾಗ ಪೇಟ್ರಿಯಟ್ಸ್‌ನ 11 ಚೆಂಡುಗಳೂ ಈ ಮಿತಿಗಿಂತ ಕೆಳಗಿದ್ದವು. ಬೇಕೆಂದೇ ಗಾಳಿ ತೆಗೆದಿದ್ದಾರೆಂಬ ಆರೋಪ ಎದ್ದಿತು.

ಅನಿಲ ತಣ್ಣಗಾದರೆ ಅದರ ಒತ್ತಡ ಇಳಿಯುತ್ತದೆಂಬುದು ಪ್ರಕೃತಿಯ ನಿಯಮ. ಬೆಚ್ಚಗಿನ ಕೋಣೆಯಲ್ಲಿ 12.5 ಇದ್ದ ಚೆಂಡು, ಸುಮಾರು 9 ಡಿಗ್ರಿ ಸೆಲ್ಸಿಯಸ್‌ನ ಮೈದಾನದಲ್ಲಿ 11.32ರಿಂದ 11.52ರವರೆಗೆ ಇಳಿಯಬಹುದೆಂದು ತನಿಖೆಗೆ ನೆರವಾದ ತಜ್ಞರೇ ಲೆಕ್ಕ ಹಾಕಿದರು. ವಿರಾಮದ ಅಳತೆಗೆ ಎರಡು ಮಾಪಕಗಳು ಬಳಕೆಯಾಗಿದ್ದವು. ಲಾಂಛನವಿದ್ದ ಮಾಪಕದ ಸರಾಸರಿ 11.49; ಇನ್ನೊಂದರದು 11.11. ಮೊದಲನೆಯದನ್ನು ನಂಬಿದರೆ ಚಳಿಯೇ ಸಾಕಷ್ಟು ಕಾರಣ. ಎರಡನೆಯದನ್ನು ನಂಬಿದರೆ ಅನುಮಾನ. ಪಂದ್ಯಕ್ಕೆ ಮುನ್ನ ತಾನು ಬಳಸಿದ್ದು ಲಾಂಛನದ ಮಾಪಕವೆಂದು ತೀರ್ಪುಗಾರ ವಾಲ್ಟ್ ಆಂಡರ್ಸನ್ ನೆನಪಿಸಿಕೊಂಡರು. ಆದರೆ ವಕೀಲ ಟೆಡ್ ವೆಲ್ಸ್ ಅವರ ವರದಿಯು ಇನ್ನೊಂದೇ ಬಳಕೆಯಾಗಿರುವ ಸಂಭವ ಹೆಚ್ಚೆಂದಿತು. ಪಂದ್ಯಪೂರ್ವದ ಅಂಕಿಗಳನ್ನು ಯಾರೂ ಬರೆದಿಟ್ಟಿರಲಿಲ್ಲ!

ಇನ್ನೂ ಒಂದು ತೊಡಕಿತ್ತು. ಒಳಕೋಣೆಗೆ ತಂದ ಚೆಂಡು ಕ್ಷಣಕ್ಷಣಕ್ಕೂ ಬೆಚ್ಚಗಾಗುತ್ತದೆ, ಒತ್ತಡ ಏರುತ್ತದೆ. ಹೋಲಿಕೆಗೆಂದು ಕೋಲ್ಟ್ಸ್‌ನ ಚೆಂಡುಗಳನ್ನು ಬಳಿಕ ಅಳೆದರು. ಸಮಯ ಸಾಲದೆ ನಾಲ್ಕಕ್ಕೇ ನಿಲ್ಲಿಸಿದರು. ಯಾವುದನ್ನು ಯಾವ ನಿಮಿಷದಲ್ಲಿ ಅಳೆದರೆಂಬ ದಾಖಲೆಯೂ ಇಲ್ಲ.

ನ್ಯಾಯವಾಗಿ ಹೇಳುವುದಾದರೆ, ವರದಿಯು ಅಳತೆಯೊಂದನ್ನೇ ನೆಚ್ಚಿರಲಿಲ್ಲ. ಸಿಬ್ಬಂದಿಯ ಮೊಬೈಲ್ ಸಂದೇಶಗಳೂ, ಅವರಲ್ಲೊಬ್ಬನು ಚೆಂಡಿನ ಚೀಲದೊಡನೆ ಶೌಚಾಲಯ ಹೊಕ್ಕ ಸಂಗತಿಯೂ ಅದರಲ್ಲಿದ್ದವು. ಆದರೆ ಗಾಳಿ ತೆಗೆದದ್ದೇ ನಿಜವೋ ಎಂಬುದಕ್ಕೆ ಅಳತೆಯೇ ಬುನಾದಿ; ಬುನಾದಿ ಸಡಿಲವಾದರೆ ಮೇಲಿನ ಗೋಡೆ ನಿಂತೀತೇ?

ಟಾಮ್ ಬ್ರೇಡಿ ನಾಲ್ಕು ಪಂದ್ಯಗಳ ನಿಷೇಧಕ್ಕೆ ಒಳಗಾದರು. ತಂಡಕ್ಕೆ 10 ಲಕ್ಷ ಡಾಲರ್ ದಂಡ ಬಿತ್ತು. 2015ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಲಯವು ನಿಷೇಧವನ್ನು ರದ್ದುಗೊಳಿಸಿತು. 2016ರ ಏಪ್ರಿಲ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಮತ್ತೆ ಎತ್ತಿಹಿಡಿಯಿತು. ಆ ತೀರ್ಪು ಲೀಗ್‌ನ ಅಧಿಕಾರವನ್ನು ಕುರಿತದ್ದೇ ಹೊರತು, ಚೆಂಡಿನ ಗಾಳಿಯನ್ನು ಕುರಿತದ್ದಲ್ಲ.

ಪ್ರಯೋಗಶಾಲೆಯಲ್ಲಿ ಉಪಕರಣದ ದೋಷವನ್ನು ಬರೆಯದ ವಿದ್ಯಾರ್ಥಿಯ ಫಲಿತಾಂಶವನ್ನು ನಾವು ಒಪ್ಪುತ್ತಿರಲಿಲ್ಲ. ಒಬ್ಬ ಮನುಷ್ಯನ ಮಾನದ ಪ್ರಶ್ನೆ ಬಂದಾಗಲಾದರೂ ಅಷ್ಟೇ ಕಟ್ಟುನಿಟ್ಟು ಬೇಡವೇ? 2015ರ ಋತುವಿನಿಂದ ಪಂದ್ಯಪೂರ್ವದ ಒತ್ತಡವನ್ನು ಬರೆದಿಡುವ ಪದ್ಧತಿಯನ್ನು ಲೀಗ್ ತಂದಿತು. ಅಳತೆಗೆ ಮೊದಲು ಬರಬೇಕಿದ್ದ ಲೇಖನಿ ಶಿಕ್ಷೆಯ ನಂತರ ಬಂದಿತು.