ಹತ್ತಿ ದರ ನಾಲ್ಕು ಪಟ್ಟಾದ ಕಾಲ

ಅಮೆರಿಕದ ಅಂತರ್ಯುದ್ಧ ಅಂದ ಕೂಡಲೇ ಲಿಂಕನ್, ಗುಲಾಮಗಿರಿ ರದ್ದತಿ, ಗೆಟಿಸ್‌ಬರ್ಗ್ ಭಾಷಣ ನೆನಪಾಗುತ್ತವೆ. ಶಾಲೆಯಲ್ಲಿ ನಾವೂ ಹಾಗೇ ಓದಿದ್ದೇವೆ. ಆದರೆ ಮಾರುಕಟ್ಟೆ ಧಾರಣೆ ಬರೆಯುತ್ತಲೇ ಪತ್ರಿಕೋದ್ಯಮದ ಅಕ್ಷರಾಭ್ಯಾಸ ಮಾಡಿದ ನಮಗೆ ಆ ಯುದ್ಧವನ್ನು ಇನ್ನೊಂದು ತುದಿಯಿಂದ, ಅಂದರೆ ಹತ್ತಿಯ ದರದಿಂದ, ಓದುವ ಕುತೂಹಲ. 1860ರಲ್ಲಿ ಲಿವರ್‌ಪೂಲಿನಲ್ಲಿ ಒಂದು ಪೌಂಡ್ ತೂಕದ ಅಮೆರಿಕನ್ ಅರಳೆಗೆ ಆರೇಳು ಪೆನ್ಸ್ ಇತ್ತು. 1864ರ ಮಧ್ಯಭಾಗಕ್ಕೆ ಅದು 30 ಪೆನ್ಸ್ ಮುಟ್ಟಿತು. ಈ ಏರಿಕೆಯ ಹಿಂದೆ ಹೋದರೆ ದಾರಿ ಅಮೆರಿಕದ ದಕ್ಷಿಣದಿಂದ ಮ್ಯಾಂಚೆಸ್ಟರಿಗೂ ಮುಂಬೈಗೂ ಧಾರವಾಡ ಸೀಮೆಯ ಎರೆಹೊಲಕ್ಕೂ ತಲುಪುತ್ತದೆ.

ಯುದ್ಧಕ್ಕೆ ಮೊದಲು ಬ್ರಿಟನ್ನಿನ ಗಿರಣಿಗಳಿಗೆ ಬೇಕಾದ ಹತ್ತಿಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಬರುತ್ತಿದ್ದದ್ದು ಅಮೆರಿಕದ ದಕ್ಷಿಣದ ರಾಜ್ಯಗಳಿಂದ. ಆ ದೇಶದಲ್ಲಿ ಸುಮಾರು 40 ಲಕ್ಷ ಕಪ್ಪು ಜನರು ಗುಲಾಮರಾಗಿದ್ದರು. ಆ ಹತ್ತಿಯ ಬಹುಪಾಲನ್ನು ಬಿತ್ತಿ, ಬಿಡಿಸಿ, ಅಂಡಿಗೆ ಕಟ್ಟುತ್ತಿದ್ದವರು ಅವರೇ. ದಕ್ಷಿಣ ಕೆರೊಲಿನಾದ ಸೆನೆಟರ್ ಜೇಮ್ಸ್ ಹ್ಯಾಮಂಡ್ 1858ರಲ್ಲಿ ಹತ್ತಿಯೇ ರಾಜ, ಅದರ ಮೇಲೆ ಕೈಮಾಡುವ ಧೈರ್ಯ ಯಾರಿಗೂ ಇಲ್ಲ ಎಂದು ಸಂಸತ್ತಿನಲ್ಲೇ ಸವಾಲು ಹಾಕಿದ್ದರು. 1861ರ ಏಪ್ರಿಲ್‌ನಲ್ಲಿ ಸಮ್ಟರ್ ಕೋಟೆಯ ಮೇಲೆ ಗುಂಡು ಹಾರಿ ಯುದ್ಧ ಶುರುವಾದಾಗ ದಕ್ಷಿಣದ ಧಣಿಗಳು ಇದೇ ನಂಬಿಕೆಯ ಮೇಲೆ ಜೂಜಾಡಿದರು. ಹತ್ತಿ ಕಳಿಸದಿದ್ದರೆ ಇಂಗ್ಲೆಂಡ್ ತಾನಾಗಿ ತಮ್ಮ ಬೆನ್ನಿಗೆ ಬರುತ್ತದೆ ಎಂದುಕೊಂಡು ಮೊದಲ ವರ್ಷ ತಾವೇ ಮಾಲು ತಡೆಹಿಡಿದರು. ಲಿಂಕನ್ನರ ನೌಕಾ ದಿಗ್ಬಂಧನ ಬಿಗಿಯಾಗುವ ಮೊದಲೇ ಹೀಗೆ ಮಾಡಿದ್ದು ಶುದ್ಧ ಪೆದ್ದುತನ. ಏಕೆಂದರೆ ಹಿಂದಿನ ಸುಗ್ಗಿಗಳು ಭರ್ಜರಿಯಾಗಿದ್ದವು, ಇಂಗ್ಲೆಂಡಿನ ಗೋದಾಮುಗಳು ತುಂಬಿದ್ದವು. ದಾಸ್ತಾನು ಕರಗುವ ಹೊತ್ತಿಗೆ ಸಮುದ್ರದ ದಾರಿ ಮುಚ್ಚಿತ್ತು.

ಆಗ ಪೆಟ್ಟು ಬಿದ್ದದ್ದು ಲ್ಯಾಂಕಶೈರಿನ ನೇಕಾರರಿಗೆ. 1862ರ ಕೊನೆಗೆ ಅಲ್ಲಿ ಸುಮಾರು ಐದು ಲಕ್ಷ ಜನ ಪರಿಹಾರದ ಅನ್ನಕ್ಕೆ ಕೈಯೊಡ್ಡಿದ್ದರು. ಅದೇ ಡಿಸೆಂಬರ್ 31ರಂದು ಮ್ಯಾಂಚೆಸ್ಟರಿನ ಫ್ರೀ ಟ್ರೇಡ್ ಹಾಲ್‌ನಲ್ಲಿ ಸಭೆ ಸೇರಿದ ಕಾರ್ಮಿಕರು, ಗುಲಾಮರ ಬಿಡುಗಡೆಯ ಪಕ್ಷದಲ್ಲಿ ತಾವಿದ್ದೇವೆಂದು ಲಿಂಕನ್ನರಿಗೆ ಪತ್ರ ಬರೆದರು. ಮರುದಿನ, 1863ರ ಜನವರಿ 1ರಂದು, ವಿಮೋಚನಾ ಘೋಷಣೆ ಹೊರಬಿತ್ತು. ಲಿಂಕನ್ ಅದೇ ತಿಂಗಳು ಆ ಕಾರ್ಮಿಕರಿಗೆ ಉತ್ತರ ಬರೆದರು. ಲ್ಯಾಂಕಶೈರಿನ ಎಲ್ಲರೂ ಹೀಗೇ ಇದ್ದರೆಂದು ಹೇಳಿದರೆ ಸುಳ್ಳಾಗುತ್ತದೆ. ದಕ್ಷಿಣದ ಪರ ಸಭೆಗಳೂ ನಡೆದವು. ದಕ್ಷಿಣದ ಯುದ್ಧನೌಕೆ ‘ಅಲಬಾಮ’ ತಯಾರಾದದ್ದು ಲಿವರ್‌ಪೂಲಿನ ಎದುರು ದಡದ ಬರ್ಕನ್‌ಹೆಡ್‌ನಲ್ಲಿ. ಆದರೂ ಬ್ರಿಟನ್ ದಕ್ಷಿಣಕ್ಕೆ ಮಾನ್ಯತೆ ಕೊಡಲಿಲ್ಲ. ಜೂಜು ಅಲ್ಲಿಗೆ ಸೋತಿತು.

ಗಿರಣಿಗಳಿಗೆ ಹತ್ತಿ ಬೇಕೇ ಬೇಕಲ್ಲ. ಕಣ್ಣು ಈಜಿಪ್ಟಿನತ್ತ, ಬ್ರೆಜಿಲ್‌ನತ್ತ, ಎಲ್ಲಕ್ಕಿಂತ ಹೆಚ್ಚಾಗಿ ಭಾರತದತ್ತ ತಿರುಗಿತು. ಪಶ್ಚಿಮ ಭಾರತದ ಹತ್ತಿಗೆ ಅಲ್ಲಿ ಸಾಮಾನ್ಯವಾಗಿ ‘ಸೂರತ್’ ಎಂದೇ ಹೆಸರು. ಎಳೆ ಗಿಡ್ಡ, ಕಸ ಜಾಸ್ತಿ, ನೂಲು ಪದೇ ಪದೇ ಹರಿಯುತ್ತಿತ್ತು. ದೇವರೇ ಹತ್ತಿ ಕಳಿಸು, ಸೂರತ್ ಮಾತ್ರ ಬೇಡ ಎಂದು ಒಬ್ಬ ಪ್ರಾರ್ಥಿಸಿದನೆಂಬ ಕಥೆ ಲ್ಯಾಂಕಶೈರಿನಲ್ಲಿ ಹುಟ್ಟಿಕೊಂಡಿತು.

ಧಾರವಾಡ ಜಿಲ್ಲೆಯ ಸಂಗತಿ ಸ್ವಲ್ಪ ಬೇರೆ. ಈಸ್ಟ್ ಇಂಡಿಯಾ ಕಂಪನಿ 1840ರಲ್ಲೇ ಅಮೆರಿಕದಿಂದ ಹತ್ತಿ ಬೆಳೆಗಾರರನ್ನು ಸಂಬಳಕ್ಕೆ ಕರೆಸಿ, ನ್ಯೂ ಆರ್ಲಿಯನ್ಸ್ ತಳಿಯನ್ನು ಭಾರತದಲ್ಲಿ ಬೆಳೆಸುವ ಪ್ರಯೋಗ ನಡೆಸಿತ್ತು. ಬಹಳ ಕಡೆ ಅದು ನೆಲಕಚ್ಚಿತು. ಬೇರು ಬಿಟ್ಟ ಕೆಲವೇ ಜಾಗಗಳಲ್ಲಿ ಒಂದು ಗದಗ ಸೀಮೆಯ ಎರೆಭೂಮಿ. ಕಲೆಕ್ಟರ್ ಶಾ ಅದರ ಹಿಂದೆ ಬಿದ್ದಿದ್ದರು. ಜನ ಅದನ್ನು ವಿಲಾಯತಿ ಹತ್ತಿ ಅಂದರು, ಹಳೆಯದು ಜವಾರಿ ಆಯಿತು. ವ್ಯಾಪಾರಿಗಳ ಬಾಯಲ್ಲಿ ಜವಾರಿಯ ಹೆಸರು ‘ಕುಮಟಾ’. ಕುಮಟೆಯಲ್ಲಿ ಹತ್ತಿ ಬೆಳೆಯುವುದಿಲ್ಲ, ಅಲ್ಲಿಂದ ಹಡಗು ಹತ್ತುತ್ತಿತ್ತು, ಅಷ್ಟೇ. ಜವಾರಿ ಹತ್ತಿಯನ್ನು ಹೆಂಗಸರು ಕಲ್ಲಿನ ಮೇಲಿಟ್ಟು ಕಬ್ಬಿಣದ ಸಲಾಕೆಯನ್ನು ಕಾಲಿನಿಂದ ಉರುಳಿಸಿ ಬೀಜ ಬಿಡಿಸುತ್ತಿದ್ದರು. ವಿಲಾಯತಿಗೆ ಆ ಉಪಾಯ ನಡೆಯದೆ ಗರಗಸದ ಹಲ್ಲಿನ ಜಿನ್ ಬಂತು. ಗುಲಾಮರು ಬೆಳೆಯುತ್ತಿದ್ದ ತಳಿ, ಅವರ ಬಿಡುಗಡೆಯ ಯುದ್ಧ ಶುರುವಾಗುವ ಇಪ್ಪತ್ತು ವರ್ಷ ಮೊದಲೇ ಇಲ್ಲಿಗೆ ಬಂದು ಕೂತಿತ್ತು.

ಯುದ್ಧ ಶುರುವಾದದ್ದೇ ತಡ, ಮ್ಯಾಂಚೆಸ್ಟರ್ ಕಾಟನ್ ಕಂಪನಿ ಎಂಬ ಸಂಸ್ಥೆ ಧಾರವಾಡದ ಹತ್ತಿಗೆಂದು ಕಾರವಾರದ ಕಡೆ ಯಂತ್ರ ಸಾಗಿಸಿತು. ಘಟ್ಟದ ರಸ್ತೆಯೂ ಸಿದ್ಧವಿರಲಿಲ್ಲ, ಬಂದರೂ ಸಿದ್ಧವಿರಲಿಲ್ಲ. ಕಂಪನಿ ಹೆಚ್ಚು ದಿನ ಬಾಳಲಿಲ್ಲ. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದರ ಹಿಂದೆಯೂ ಈ ಬಂದರಿನ ಒತ್ತಡವಿತ್ತು. ಜಿಲ್ಲೆಯ ಗಡಿ ಬದಲಾದದ್ದು ಲ್ಯಾಂಕಶೈರಿನ ಹಸಿವಿಗೆ ಎಂಬುದನ್ನು ಕಾರವಾರದ ಗೆಳೆಯರು ಗಮನಿಸಬೇಕು. ಇತ್ತ ದರ ಏರಿದಂತೆ ಕಲಬೆರಕೆಯೂ ಏರಿತು. ಅದನ್ನು ತಡೆಯಲು 1863ರಲ್ಲಿ ಮುಂಬೈ ಸರ್ಕಾರ ಹತ್ತಿ ವಂಚನೆ ಕಾಯ್ದೆಯನ್ನೇ ತಂದಿತು. ರೈತರು ಚಕ್ಕಡಿ ಗಾಲಿಗೆ ಬೆಳ್ಳಿ ಪಟ್ಟಿ ಹೊಡೆಸಿದರಂತೆ, ಮುಂಬೈಯಲ್ಲಿ ಹಾಸಿಗೆ ಬಿಚ್ಚಿ ಹತ್ತಿ ಮಾರಿದರಂತೆ. ಇಂಥ ಕಥೆಗಳಿಗೆ ಬರವಿಲ್ಲ. ದುಡ್ಡಿನ ದೊಡ್ಡ ಪಾಲು ಸೇರಿದ್ದು ಮುಂಬೈಗೆ. ಬ್ಯಾಂಕು, ಹಣಕಾಸು ಕಂಪನಿ, ಸಮುದ್ರ ತುಂಬಿಸುವ ಬ್ಯಾಕ್ ಬೇ ಯೋಜನೆ, ಎಲ್ಲದರ ಷೇರಿಗೂ ನೂಕುನುಗ್ಗಲು. ಪ್ರೇಮ್‌ಚಂದ್ ರಾಯ್‌ಚಂದ್ ಎಂಬ ದಲ್ಲಾಳಿಯ ಮಾತೇ ಮಾರುಕಟ್ಟೆ.

1865ರ ಏಪ್ರಿಲ್ 9ರಂದು ಜನರಲ್ ಲೀ ಶರಣಾದರು. ಸುದ್ದಿ ಮುಂಬೈ ಮುಟ್ಟಿದ್ದೇ ಹತ್ತಿ ಕುಸಿಯಿತು. ಜುಲೈ 1ರ ಲೆಕ್ಕ ಚುಕ್ತಾ ದಿನ ಕಂಪನಿಗಳು ಸಾಲುಸಾಲಾಗಿ ಬಿದ್ದವು. ಮುಂದೆ ಬಾಂಬೆ ಬ್ಯಾಂಕ್ ಕೂಡ ಮುಳುಗಿತು. ಅಷ್ಟರಲ್ಲಿ ರಾಯ್‌ಚಂದ್ ವಿಶ್ವವಿದ್ಯಾಲಯಕ್ಕೆ ದಾನ ಕೊಟ್ಟಾಗಿತ್ತು. ಇವತ್ತು ಮುಂಬೈಯಲ್ಲಿ ನಿಂತಿರುವ ರಾಜಾಬಾಯಿ ಗಡಿಯಾರ ಗೋಪುರ ಆ ದುಡ್ಡಿನದು, ಹೆಸರು ಅವರ ತಾಯಿಯದು.

ಇನ್ನು ಬಿಡುಗಡೆಯಾದವರ ಕಥೆ. ಯುದ್ಧ ಮುಗಿಯುವ ಮೊದಲೇ, 1865ರ ಜನವರಿಯಲ್ಲಿ, ಜನರಲ್ ಶೆರ್ಮನ್ ಆಜ್ಞೆಯೊಂದನ್ನು ಹೊರಡಿಸಿ ಕರಾವಳಿಯ ಜಮೀನನ್ನು ಕುಟುಂಬಕ್ಕೆ 40 ಎಕರೆಯವರೆಗೆ ಹಂಚಲು ಹೇಳಿದ್ದರು. ಲಿಂಕನ್ ಕೊಲೆಯಾಗಿ ಆಂಡ್ರ್ಯೂ ಜಾನ್ಸನ್ ಅಧ್ಯಕ್ಷರಾದರು, ಆ ವರ್ಷ ಮುಗಿಯುವುದರೊಳಗೆ ಜಮೀನು ಹಳೆಯ ಧಣಿಗಳಿಗೆ ವಾಪಸು ಹೋಗತೊಡಗಿತು. ಅಮೆರಿಕದ ಇತಿಹಾಸದ ನಿಜವಾದ ತಿರುವು ಇಲ್ಲಿದೆ ಎಂಬುದು ನಮ್ಮ ಅಭಿಪ್ರಾಯ. ಡಿಸೆಂಬರಿನಲ್ಲಿ 13ನೇ ತಿದ್ದುಪಡಿ ಗುಲಾಮಗಿರಿಯನ್ನು ಅಳಿಸಿತು, ಆದರೆ ಅಳಿಸಿಕೊಂಡವನ ಕೈಯಲ್ಲಿ ಒಂದು ಗುಂಟೆ ಇರಲಿಲ್ಲ. ಅವನು ಪಾಲಿಗೆ ದುಡಿದ. ಬೀಜ, ಹೇಸರಗತ್ತೆ, ಜೋಳದ ಹಿಟ್ಟು, ಬಟ್ಟೆ ಎಲ್ಲವೂ ಅಂಗಡಿಯವನಿಂದ ಬರುವ ಬೆಳೆಯ ಮೇಲೆ ಉದ್ದರಿ. ಅಂಗಡಿಯವನು ಹತ್ತಿಯನ್ನೇ ಬೆಳೆ ಅನ್ನುತ್ತಿದ್ದ, ಏಕೆಂದರೆ ಹತ್ತಿಯನ್ನು ತಿನ್ನಲಾಗದು. ವರ್ಷದ ಕೊನೆಗೆ ಲೆಕ್ಕದ ಪುಸ್ತಕ ತೆರೆದಾಗ ಬಾಕಿ ಮಾತ್ರ ಇರುತ್ತಿತ್ತು.

ಈ ಪುಸ್ತಕದ ಪರಿಚಯ ದಖ್ಖನದ ರೈತರಿಗೂ ಇತ್ತು. ದರ ಚೆನ್ನಾಗಿದ್ದಾಗ ಸಾಹುಕಾರರು ಕೇಳಿದಷ್ಟು ಸಾಲ ಕೊಟ್ಟಿದ್ದರು. ದರ ಇಳಿಯಿತು, ಸಾಲ ಇಳಿಯಲಿಲ್ಲ. ಮೇಲಿಂದ 1867ರಿಂದ ಕಂದಾಯವೂ ಏರತೊಡಗಿತು. 1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆಯಲ್ಲಿ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟರು. ದಂಗೆ ಅಹಮದ್‌ನಗರಕ್ಕೂ ಹಬ್ಬಿತು. ಅದಕ್ಕೆ ಹತ್ತಿಯೇ ಮೂಲವೇ, ಎಷ್ಟರಮಟ್ಟಿಗೆ ಎಂದು ಇತಿಹಾಸಕಾರರು ಇನ್ನೂ ಜಗಳವಾಡುತ್ತಾರೆ. ಎಲ್ಲವನ್ನೂ ಹತ್ತಿಯ ತಲೆಗೆ ಕಟ್ಟುವುದು ನಮಗೂ ಸರಿಕಾಣುವುದಿಲ್ಲ. 1879ರಲ್ಲಿ ದಖ್ಖನ್ ರೈತರ ಪರಿಹಾರ ಕಾಯ್ದೆ ಬಂತು, ಅರೆಬರೆಯಾದರೂ ಬಂತು.

ಅದೇ 1875ರಲ್ಲಿ ಮಿಸಿಸಿಪ್ಪಿ ರಾಜ್ಯದಲ್ಲಿ ಶಸ್ತ್ರಧಾರಿ ಬಿಳಿಯರು ಕಪ್ಪು ಮತದಾರರನ್ನು ಬೆದರಿಸಿ, ಕೊಂದು, ಚುನಾವಣೆ ಗೆದ್ದರು. ಪಾಲುದಾರನ ಪರ ಕಾಯ್ದೆ ಮಾಡಬಹುದಾಗಿದ್ದ ಶಾಸನಸಭೆ ಅಲ್ಲಿಗೆ ಅವನ ಕೈತಪ್ಪಿತು. ಆ ರಾಜ್ಯದ ಕ್ಲಾರ್ಕ್ಸ್‌ಡೇಲ್ ಹತ್ತಿರದ ಹಾಪ್ಸನ್ ತೋಟದಲ್ಲಿ 1944ರಲ್ಲಿ ಬಿತ್ತನೆಯಿಂದ ಬಿಡಿಸುವವರೆಗೆ ಯಂತ್ರಗಳಿಂದಲೇ ಹತ್ತಿ ಬೆಳೆದರು. ಅಷ್ಟು ಹೊತ್ತಿಗೆ ಪಾಲುದಾರರ ಎಷ್ಟೋ ಮಕ್ಕಳು ಚಿಕಾಗೊ ರೈಲು ಹತ್ತಿ ಹೋಗಿಯಾಗಿತ್ತು.