ಸವದದ್ದು ಬ್ಯಾರೆ, ಕೆಟ್ಟದ್ದು ಬ್ಯಾರೆ: ಕಾರಿನ ಬ್ರೇಕು ಮತ್ತ ವಾರಂಟಿಯ ಕಥಿ

ಮನಿಗೆ ಹೊಸಾ ಸಾಮಾನು ತರೂದು ಅಂದ್ರ ನಾವು ಹೆಣ್ಮಕ್ಕಳು ಮೊದಲ ಬೆಲಿ ಕೇಳ್ತೇವಿ, ಆಮ್ಯಾಲೆ "ಗ್ಯಾರಂಟಿ ಎಷ್ಟು ವರ್ಷದ್ದರಿ?" ಅಂತ ಕೇಳ್ತೇವಿ. ಮಿಕ್ಸರ್ ಇರ್ಲಿ, ಕುಕ್ಕರ್ ಇರ್ಲಿ, ಕಾರ್ಡಿನ ಮ್ಯಾಲೆ ಅಂಗಡಿ ಸಿಕ್ಕಾ ಬಿತ್ತಂದ್ರ ಅದನ್ನ ಕಪಾಟಿನಾಗ ಇಟ್ಟು ನಿಶ್ಚಿಂತಿ ಆಗಿಬಿಡ್ತೇವಿ. ಆದ್ರ ಐದು ವರ್ಷ ಗ್ಯಾರಂಟಿ ಇರೋ ಕುಕ್ಕರಿನ ರಬ್ಬರು ಒಂದ ವರ್ಷದಾಗ ಸಡಿಲಾತು ಅಂದ್ರ ಯಾರೂ ಪುಕಟ ಕೊಡೂದಿಲ್ಲ. "ಅದು ಸವಿಯೋ ಸಾಮಾನರಿ ಅಕ್ಕಾರ, ಅದಕ್ಕ ಗ್ಯಾರಂಟಿ ಇಲ್ಲ" ಅಂತಾರ.

ಕಾರಿನ ಬ್ರೇಕಿಂದೂ ಇದ ಕಥಿ. ಕುಕ್ಕರಿನ ರಬ್ಬರು ಕೆಟ್ರ ಬ್ಯಾಳಿ ಬೇಯೂದಿಲ್ಲ, ಅಷ್ಟ. ಬ್ರೇಕ್ ಹತ್ತಲಿಲ್ಲ ಅಂದ್ರ ಜೀವಕ್ಕ ಕುತ್ತು. ಇಷ್ಟು ಮುಖ್ಯ ಇರೋ ವಸ್ತು ವಾರಂಟಿಯಿಂದ ಹೊರಗ ಯಾಕ ಉಳೀತು? ಸವದದ್ದು ಯಾವುದು, ಕೆಟ್ಟದ್ದು ಯಾವುದು ಅನ್ನೋ ಗೆರಿ ಎಳದವರು ಯಾರು? ನಾ ಕಲ್ತದ್ದು ಪಿಯುಸಿ ತನಕ, ಅದೂ ಆರ್ಟ್ಸ್. ಆದ್ರ ಈ ಪ್ರಶ್ನಿ ಬೆನ್ನ ಹತ್ತಿ ಓದ್ಲಿಕ್ಕೆ ಕೂತ್ರ ಒಂದು ದೊಡ್ಡ ಇತಿಹಾಸನ ಬಿಚ್ಚಿಕೊಳ್ತು. ಅದರಾಗ ನಮ್ಮಂಥ ಹೆಣ್ಮಕ್ಕಳದೂ ಪಾಲು ಅದ.

ಶುರು ಆಗೂದ ಒಬ್ಬಾಕಿಯಿಂದ. 1886ರಾಗ ಜರ್ಮನಿಯ ಕಾರ್ಲ್ ಬೆಂಜ್ ತನ್ನ ಮೂರು ಗಾಲಿ ಮೋಟಾರು ಗಾಡಿಗೆ ಪೇಟೆಂಟ್ ತಗೊಂಡ. ಗಾಡಿ ಛಲೋ ಇತ್ತು, ಕೊಳ್ಳೋರು ಮುಂದ ಬರ್ಲಿಲ್ಲ. 1888ರ ಆಗಸ್ಟಿನಾಗ ಅವನ ಹೆಂಡತಿ ಬರ್ತಾ ಬೆಂಜ್ ಗಂಡಗ ಒಂದು ಮಾತು ಹೇಳದ, ಇಬ್ಬರು ಗಂಡಮಕ್ಕಳನ್ನ ಕರ್ಕೊಂಡು, ಮನ್‌ಹೈಮ್ ಊರಿಂದ ಫೋರ್ಟ್ಸ್‌ಹೈಮ್‌ನ್ಯಾಗಿದ್ದ ತವರಿಗೆ ಅದ ಗಾಡಿಯೊಳಗ ಹೊಂಟುಬಿಟ್ಳು. ನೂರು ಕಿಲೋಮೀಟರಿಗೂ ಸ್ವಲ್ಪ ಮಿಕ್ಕ ದಾರಿ. ಇಂಧನ ಮುಗದಾಗ ಔಷಧದ ಅಂಗಡ್ಯಾಗ ಕೊಂಡ್ಳು. ಇಂಧನದ ಕೊಳವಿ ಕಟ್ಟಿದಾಗ ಟೊಪ್ಪಿಗಿಯ ಪಿನ್ನಿಲೆ ಚುಚ್ಚಿ ಬಿಡಿಸಿದ್ಳು. ಏರಿನ್ಯಾಗ ಹುಡುಗರು ಇಳದು ನೂಕಿದ್ರು. ಇಳಕಲಿನ್ಯಾಗ ಬ್ಯಾರೆ ಫಜೀತಿ ಆತು. ಗಾಡಿ ನಿಲ್ಲಸ್ಲಿಕ್ಕೆ ಇದ್ದದ್ದು ಕಟ್ಟಿಗಿ ತುಂಡಿನ ಬ್ರೇಕು, ಅದು ತಿಕ್ಕಿ ತಿಕ್ಕಿ ಸೋತು ಹೋತು. ಆಕಿ ದಾರ್ಯಾಗಿನ ಒಂದು ಹಳ್ಳ್ಯಾಗ ಬೂಟು ಹೊಲಿಯೋರ ಹಂತ್ಯಾಕ ಹೋಗಿ ಆ ತುಂಡುಗಳಿಗೆ ಚರ್ಮ ಹೊಡಿಸ್ಕೊಂಡ್ಳು. ಇವತ್ತು ನಾವು ಬ್ರೇಕ್ ಪ್ಯಾಡ್, ಲೈನಿಂಗ್ ಅಂತ ಏನಂತೇವಿ, ಮೋಟಾರು ಗಾಡಿಯೊಳಗ ಅದರ ಮೊದಲನೇ ರೂಪ ಅದು ಅಂತ ಹೇಳ್ತಾರ.

ಆ ಚರ್ಮದ ಕೆಲಸನ ಸವಿಯೂದು. ಬ್ರೇಕ್ ಅಂದ್ರ ಓಡೋ ಗಾಡಿಯ ಜೋರನ್ನ ತಿಕ್ಕಾಟದಿಂದ ಕಾವು ಮಾಡಿ ಗಾಳಿಗೆ ಬಿಡೂದು. ಎರಡು ವಸ್ತು ತಿಕ್ಕಿದ್ರ ಒಂದರೆ ಸವೀಲಿಕ್ಕೇಬೇಕು. ದುಬಾರಿ ಭಾಗ ಉಳೀಲಿ, ಅಗ್ಗದ್ದು ಸವೀಲಿ ಅಂತ ಮೊದಲಿನಿಂದಲೂ ಲೆಕ್ಕ ಹಾಕ್ಯಾರ. ಬೂಟಿನ ಅಟ್ಟಿ ಸವದು ಕಾಲು ಉಳಿಸಿಧಂಗ.

ಇಂಗ್ಲೆಂಡಿನ್ಯಾಗ ಹರ್ಬರ್ಟ್ ಫ್ರೂಡ್ ಅನ್ನಾಂವ ಡರ್ಬಿಶೈರ್ ಗುಡ್ಡದ ದಾರ್ಯಾಗ ಒಂದು ವಿಚಿತ್ರ ನೋಡಿದ. ಕುದರಿ ಗಾಡಿಯವರು ಇಳಕಲಿನ್ಯಾಗ ಹಿಡೀಲಿ ಅಂತ ಕಟ್ಟಿಗಿ ಬ್ರೇಕಿಗೆ ಹಳೇ ಬೂಟಿನ ಚರ್ಮ ಬಡೀತಿದ್ರು. ಅದನ್ನ ನೋಡಿ ಅಂವ 1897ರಾಗ ಬ್ರೇಕಿನ ಲೈನಿಂಗ್ ಮಾಡೋ ಉದ್ಯೋಗ ಶುರು ಮಾಡಿದ. ಅದ ಮುಂದ ಫೆರೋಡೋ ಆತು. ಫ್ರೂಡ್ ಹೆಸರಿನ ಅಕ್ಷರ ಹಿಂದ ಮುಂದ ಮಾಡಿ, ಹೆಂಡತಿ ಎಲಿಜಬೆತ್‌ಳ ಮೊದಲ ಅಕ್ಷರ ಸೇರಿಸಿ ಕಟ್ಟಿದ ಹೆಸರು ಅದು.

ಗಾಡಿಗಳ ವೇಗ ಹೆಚ್ಚಾಧಂಗ ಚರ್ಮ, ಅರಿವಿ ಎಲ್ಲಾ ಕಾವಿಗೆ ಸುಟ್ಟು ಹೋಗ್ಲಿಕ್ಕೆ ಹತ್ತಿದ್ವು. 1908ರ ಹೊತ್ತಿಗೆ ಫ್ರೂಡ್ ಕಲ್ನಾರು, ಅಂದ್ರ ಆಸ್ಬೆಸ್ಟಾಸ್ ಹಾಕ್ಲಿಕ್ಕೆ ಶುರು ಮಾಡಿದ. ಬೆಂಕಿಗೆ ಸುಡದ ನಾರು ಅದು, ಬ್ರೇಕಿಗೆ ಹೇಳಿ ಮಾಡಿಸಿಧಂಗಿತ್ತು. ಆದ್ರ ಅದರ ದೂಳು ಪುಪ್ಪುಸಕ್ಕ ವಿಷ. ನೆಲ್ಲಿ ಕರ್ಶಾ ಅನ್ನಾಕಿ ಇಂಗ್ಲೆಂಡಿನ ರೋಚ್‌ಡೇಲ್ ಊರಾಗ ಕಲ್ನಾರು ನೂಲೋ ಕೆಲಸ ಮಾಡ್ತಿದ್ಳು, 1924ರಾಗ 33ನೇ ವಯಸ್ಸಿಗೆ ತೀರಿಕೊಂಡ್ಳು. ಡಾಕ್ಟರ್ ಕುಕ್ ಅನ್ನೋರು ಆಕಿಯ ಪುಪ್ಪುಸ ಪರೀಕ್ಷಾ ಮಾಡಿ ವೈದ್ಯರ ಪತ್ರಿಕ್ಯಾಗ ಬರದ್ರು. ಆ ಮ್ಯಾಲೂ ದಶಕಗಟ್ಟಲೆ ಜಗತ್ತಿನ ಬ್ರೇಕಿನ್ಯಾಗ ಕಲ್ನಾರು ಇದ್ದೇ ಇತ್ತು. ಬ್ರಿಟನ್ ಪೂರ್ತಿ ನಿಷೇಧ ಮಾಡಿದ್ದು 1999ರಾಗ. ಸವದ ಬ್ರೇಕು ದೂಳಾಗಿ ಎಲ್ಲೋ ಒಂದು ಕಡೆ ಕೂಡ್ತದ. ಗ್ಯಾರೇಜಿನ ಹುಡುಗರು ಬ್ರೇಕಿನ ದೂಳಿಗೆ ಬಾಯಿಲೆ ಊದೂದನ್ನ ನೋಡಿದ್ರ ನನಗ ನೆಲ್ಲಿ ನೆನಪಾಗ್ತಾಳ.

ಮೊದಲಿನ ಕಾರಿಗೆಲ್ಲಾ ಡ್ರಮ್ ಬ್ರೇಕು. ಡಬ್ಬಿಯಂಥಾದ್ದರ ಒಳಗ ಶೂ ಅನ್ನೋ ಎರಡು ಬಿಲ್ಲು ಹಿಗ್ಗಿ ತಿಕ್ಕತಿದ್ವು. ನಮ್ಮ ಹಳೇ ಅಂಬಾಸಡರ್ ಗಾಡಿಗೂ ಅವ ಇದ್ವು. ಒಳಗಿನ ಕಾವು ಹೊರಗ ಹೋಗೂದು ಕಷ್ಟ. ಬಯಲಿಗೆ ತಿರಗೋ ತಟ್ಟಿಯನ್ನ ಎರಡೂ ಕಡೆ ಹಿಡಿಯೋ ಡಿಸ್ಕ್ ಬ್ರೇಕಿಗೆ ಲ್ಯಾಂಚೆಸ್ಟರ್ ಅನ್ನೋ ಇಂಜಿನಿಯರ್ 1902ರಾಗ ಪೇಟೆಂಟ್ ತಗೊಂಡಿದ್ದ. ಅದರ ಕಾಲ ಬಂದದ್ದು 50 ವರ್ಷ ಆದಮ್ಯಾಲೆ. 1953ರಾಗ ಫ್ರಾನ್ಸಿನ ಲ ಮಾನ್ಸ್ 24 ತಾಸಿನ ಓಟದಾಗ ಜಾಗ್ವಾರ್ ಕಾರು ಡಿಸ್ಕ್ ಬ್ರೇಕಿನ ಬಲದ ಮ್ಯಾಲೆ ಗೆದ್ದಿತು. 1955ರಾಗ ಸಿಟ್ರೊಯೆನ್ ಡಿಎಸ್ ಕಾರಿನ ಮುಂದಿನ ಗಾಲಿಗೆ ಅದು ಬಂತು. ಇವತ್ತಿಗೂ ನಮ್ಮ ಕಡೆ ಭಾಳಷ್ಟು ಸಣ್ಣ ಕಾರಿಗೆ ಮುಂದ ಡಿಸ್ಕ್, ಹಿಂದ ಡ್ರಮ್. ಬ್ರೇಕ್ ಒತ್ತಿದಾಗ ಗಾಡಿಯ ಭಾರೆಲ್ಲಾ ಮುಂದ ವಾಲ್ತದ, ಅದಕ್ಕ ಮುಂದಿನ ಪ್ಯಾಡು ಲಗೂ ಸವೀತಾವ.

ಇನ್ನ ವಾರಂಟಿ ಕಡೆ ಬರೂಣು. ಅದು ಗಿರಾಕಿಗೆ ಕೊಟ್ಟ ವರ ಅಂತ ನಾವು ತಿಳ್ಕೊಂಡೇವಿ. ಇತಿಹಾಸ ನೋಡಿದ್ರ ಅದು ಮಾಡಿದವರು ತಮ್ಮ ಸುತ್ತಲೂ ಹಾಕ್ಕೊಂಡ ಬೇಲಿನೂ ಹೌದು. ಹಿಂದಿನ ಕಾಲದಾಗ ನೀವು ಯಾರ ಕಡೆ ಕೊಂಡ್ರ್ಯೋ ಅವರನ್ನಷ್ಟ ಕೇಳಬೇಕು, ಕಾರು ತಯಾರು ಮಾಡಿದವರು ಸಿಗ್ತಿರಲಿಲ್ಲ. ಅಮೆರಿಕಾದಾಗ ಡೊನಾಲ್ಡ್ ಮ್ಯಾಕ್‌ಫರ್ಸನ್ ಅನ್ನೋರ ಬ್ಯೂಕ್ ಕಾರಿನ ಕಟ್ಟಿಗಿ ಗಾಲಿ ಮುರದು ಅವರಿಗೆ ಪೆಟ್ಟಾತು. 1916ರಾಗ ನ್ಯೂಯಾರ್ಕಿನ ನ್ಯಾಯಮೂರ್ತಿ ಕಾರ್ಡೋಝೋ, ಕಾರು ಕೊಟ್ಟವರು ಡೀಲರ್ ಆಗಿದ್ರೂ ತಯಾರು ಮಾಡಿದವರದೂ ಹೊಣಿ ಅದ ಅಂತ ತೀರ್ಪು ಕೊಟ್ರು.

ನನ್ನ ಮನಸ್ಸಿನ್ಯಾಗ ನಿಂತದ್ದು ಹೆಲೆನ್ ಹೆನಿಂಗ್ಸನ್ ಅನ್ನಾಕಿಯ ಪ್ರಕರಣ. 1955ರ ಮೇ ತಿಂಗಳಾಗ ಅಮೆರಿಕಾದ ನ್ಯೂಜೆರ್ಸಿಯೊಳಗ ಆಕಿಯ ಗಂಡ ಕ್ಲಾಸ್, ತಾಯಂದಿರ ದಿನಕ್ಕ ಅಂತ ಆಕಿಗೆ ಹೊಸಾ ಪ್ಲಿಮತ್ ಕಾರು ಕೊಡಿಸಿದ. ಹತ್ತ ದಿನದಾಗ, ಕಾರು ಬರೇ 468 ಮೈಲು ಓಡಿತ್ತು, ಆಕಿ ನಡಸೋ ಮುಂದ ಕೆಳಗ ದೊಡ್ಡ ಸಪ್ಪಳಾಗಿ ಸ್ಟಿಯರಿಂಗ್ ಕೈ ಬಿಟ್ಟಿತು. ಕಾರು ಇಟ್ಟಂಗಿ ಗ್ವಾಡಿಗೆ ಹೊಡೀತು. ಆಗಿನ ವಾರಂಟಿ 90 ದಿನ ಇಲ್ಲಾ 4,000 ಮೈಲು, ಯಾವುದು ಮೊದಲೋ ಅದು. ಅದೂ ಕೆಟ್ಟ ಭಾಗ ಬದಲಿ ಮಾಡಿ ಕೊಡೂದಷ್ಟ, ಮಿಕ್ಕ ಯಾವ ಹೊಣಿನೂ ಇಲ್ಲ ಅಂತ ಸಣ್ಣ ಅಕ್ಷರದಾಗ ಬರದಿತ್ತು. ದೊಡ್ಡ ದೊಡ್ಡ ಕಾರು ಕಂಪನಿಯವರೆಲ್ಲಾ ಒಂದ ನಮೂನಿ ಕಾಗದ ಇಟ್ಟಿದ್ರು. ಮ್ಯಾಲೆ ಆಕಿ ಕೊಂಡವಳೂ ಅಲ್ಲ, ಕೊಂಡಾಂವ ಗಂಡ. 1960ರಾಗ ಅಲ್ಲಿಯ ಸುಪ್ರೀಂ ಕೋರ್ಟು ಆಕಿಯ ಪರ ತೀರ್ಪು ಕೊಡ್ತು. ಹೊಸಾ ಕಾರು ನಡಸ್ಲಿಕ್ಕೆ ಯೋಗ್ಯ ಇರಬೇಕು ಅನ್ನೋ ಭರವಸಿ, ಕಾಗದದಾಗ ಬರೀಲಿ ಬಿಡ್ಲಿ, ಮಾರಾಟದ ಜೋಡಿನ ಬರ್ತದ. ಅದು ಗಂಡನ ಕಾರು ನಡಸೋ ಹೆಂಡತಿಗೂ ಸಲ್ಲತದ ಅಂತ ಹೇಳಿತು.

ಆ ಮ್ಯಾಲೆ ಕಂಪನಿಯವರು ಪೈಪೋಟಿಗೆ ಬಿದ್ದು ವರ್ಷ ಹೆಚ್ಚು ಮಾಡ್ಲಿಕ್ಕೆ ಹತ್ತಿದ್ರು. 1963ರ ಮಾದರಿಗೆ ಕ್ರೈಸ್ಲರ್ ಐದು ವರ್ಷ, 50,000 ಮೈಲು ಕೊಟ್ಟಿತು. ಆದ್ರ ಅದು ಇಂಜಿನ್, ಗೇರ್ ಇಂಥವಕ್ಕ. ಸವಿಯೋ ಸಾಮಾನು ಎಲ್ಲಾ ಕಡೆ ಹೊರಗ ಉಳೀತು. ಇದರಾಗ ನ್ಯಾಯನೂ ಅದ ಅನ್ರಿ. ವಾರಂಟಿ ಅಂದ್ರ "ನಾವು ಮಾಡಿದ್ದರಾಗ ದೋಷ ಇದ್ರ ನಾವು ನೋಡ್ತೇವಿ" ಅನ್ನೋ ಮಾತು. ಘಾಟಿನ್ಯಾಗ ದಿನಾ ಇಳಿಯೋರ ಪ್ಯಾಡು, ಊರ ಟ್ರಾಫಿಕ್ಕಿನ್ಯಾಗ ಹೆಜ್ಜಿಗೊಮ್ಮೆ ನಿಲ್ಲಸೋರ ಪ್ಯಾಡು, ಹೆದ್ದಾರ್ಯಾಗ ಓಡಸೋರ ಪ್ಯಾಡು ಒಂದ ಸಮ ಹೆಂಗ ಸವೀತಾವ?

ನಮ್ಮ ದೇಶದಾಗ ಮಾರೋ ಸಾಮಾನು ಯೋಗ್ಯ ಇರಬೇಕು ಅನ್ನೂದು 1930ರ ಸರಕು ಮಾರಾಟ ಕಾಯಿದೆಯೊಳಗ ಆಗಲೇ ಇತ್ತು. 1986ರ ಗ್ರಾಹಕ ಸಂರಕ್ಷಣಾ ಕಾಯಿದೆ ಬಂದಮ್ಯಾಲೆ ನಮ್ಮಂಥವರಿಗೆ ಬಾಗಿಲು ತೆರೀತು. ಅದರಾಗ ಗ್ರಾಹಕ ಅಂದ್ರ ರೊಕ್ಕ ಕೊಟ್ಟವರಷ್ಟ ಅಲ್ಲ, ಅವರ ಒಪ್ಪಿಗಿಯಿಂದ ಆ ವಸ್ತು ಬಳಸೋರೂ ಹೌದು. 2019ರ ಹೊಸಾ ಕಾಯಿದೆಯೊಳಗೂ ಅದ ಮಾತು ಉಳದದ. ಹೆಲೆನ್ ಕೋರ್ಟಿನ್ಯಾಗ ಹೋರಾಡಿ ಪಡದದ್ದು ನಮಗ ಕಾಯಿದೆಯೊಳಗ ಬರದ ಸಿಕ್ಕದ.

ಇದೆಲ್ಲಾ ಇವತ್ತು ಹೆಂಗ ಉಪಯೋಗಕ್ಕ ಬರ್ತದ ಅಂತ ನಮ್ಮ ಮನಿಯ ಮಾತನ್ನ ಹೇಳ್ತೇನಿ. ನಮ್ಮ ಸೊಸಿ ದಿನಾ ಹುಬ್ಬಳ್ಳಿಯಿಂದ ಧಾರವಾಡಕ್ಕ ಕಾರು ನಡಸ್ತಾಳ. ಕಾರಿಗೆ ಇನ್ನೂ ವರ್ಷ ತುಂಬಿರಲಿಲ್ಲ, 14,000 ಕಿಲೋಮೀಟರ್ ಆಗಿತ್ತು. ಬ್ರೇಕ್ ಒತ್ತಿದಾಗ ಮುಂದಿನ ಎಡಗಾಲ್ಯಾಗ ಕರ್ರಂತ ಸಪ್ಪಳ. ಸರ್ವಿಸಿನವರು "ಪ್ಯಾಡ್ ಸವದಾವ, ವಾರಂಟಿ ಬರೂದಿಲ್ಲ" ಅಂತ ಹೇಳಿ ಬಿಲ್ಲು ತಯಾರು ಮಾಡಿದ್ರು. ಮ್ಯಾಲೆ "ಮೇಡಂ ಬ್ರೇಕ್ ಮ್ಯಾಲೆ ಕಾಲಿಟ್ಟ ನಡಸ್ತಿರಬೇಕು" ಅಂತ ಒಂದು ಮಾತು ಬ್ಯಾರೆ. ಸೊಸಿ ಸಿಟ್ಟಿಗೇಳ್ಲಿಲ್ಲ. "ತಗದ ಪ್ಯಾಡು ನಾಲ್ಕೂ ಇಲ್ಲಿ ತಂದಿಡ್ರಿ, ನೋಡ್ತೇನಿ" ಅಂದ್ಳು. ತಂದಿಟ್ರು. ಬಲಗಾಲಿಯ ಎರಡೂ ಪ್ಯಾಡು ಇನ್ನೂ ಅರ್ಧಕ್ಕಿಂತ ದಪ್ಪ ಇದ್ವು. ಎಡಗಾಲಿಯ ಒಳಗಿನದೊಂದು ಮಾತ್ರ ಕಬ್ಬಿಣಕ್ಕ ಹತ್ತಿತ್ತು. "ನಾ ಕಾಲಿಟ್ಟ ನಡಸಿದ್ರ ನಾಲ್ಕೂ ಸವೀಬೇಕಿತ್ತಲ್ರಿ ಅಣ್ಣಾರ, ಒಂದ ಯಾಕ ಸವೀತು?" ಅಂತ ಕೇಳಿದ್ಳು. ಬಿಚ್ಚಿ ನೋಡಿದ್ರ ಪ್ಯಾಡ್ ಒತ್ತೋ ಕ್ಯಾಲಿಪರಿನ ಪಿಸ್ಟನ್ ಹಿಂದ ಸರೀದ ಹಿಡದು ಕೂತಿತ್ತು. ಬ್ರೇಕ್ ಬಿಟ್ರೂ ಆ ಪ್ಯಾಡು ತಿಕ್ಕತಾನ ಇತ್ತು. ಪ್ಯಾಡು ಸವದದ್ದು, ಕ್ಯಾಲಿಪರ್ ಕೆಟ್ಟದ್ದು. ಕ್ಯಾಲಿಪರ್ ವಾರಂಟಿಯೊಳಗ ಬದಲಿ ಆತು, ಅದರ ದೋಷಕ್ಕ ಸವದ ಪ್ಯಾಡಿನ ರೊಕ್ಕನೂ ಬಿಟ್ರು.

ಇದರಾಗ ರೊಕ್ಕ ಉಳದದ್ದು ಸಣ್ಣ ಮಾತು. ಬಿಲ್ಲು ಕೊಟ್ಟು ಬರೇ ಹೊಸಾ ಪ್ಯಾಡ್ ಹಾಕ್ಕೊಂಡು ಬಂದಿದ್ರ, ಹಿಡದು ಕೂತ ಕ್ಯಾಲಿಪರ್ ಹಂಗ ಉಳೀತಿತ್ತು. ಹೊಸಾ ಪ್ಯಾಡೂ ಸವದು, ಕಾವಿಗೆ ಬ್ರೇಕಿನ ಎಣ್ಣಿ ಕುದ್ದು, ಯಾವತ್ತೋ ಒಂದು ದಿನ ಪೆಡಲು ಒತ್ತಿದ್ರ ಪೊಳ್ಳಾಗಿ ಕೆಳಗ ಹೋಗ್ತಿತ್ತು.

ಅದಕ್ಕ ಹೊಸಾ ಕಾರು ಇದ್ದವರು ಇಷ್ಟು ನೆನಪಿಡ್ರಿ. ಬ್ರೇಕ್ ಪ್ಯಾಡು, ಶೂ, ಕ್ಲಚ್ ಪ್ಲೇಟು, ವೈಪರ್ ರಬ್ಬರು ಇಂಥವು ಸವಿಯೋ ಸಾಮಾನು, ಸಾಮಾನ್ಯವಾಗಿ ವಾರಂಟಿಯಿಂದ ಹೊರಗ. ಮಾಸ್ಟರ್ ಸಿಲಿಂಡರು, ಬೂಸ್ಟರು, ಕ್ಯಾಲಿಪರು, ಎಬಿಎಸ್ ಇವು ತಯಾರಿ ದೋಷದಿಂದ ಕೆಟ್ರ ಒಳಗ. ನಿಮ್ಮ ಕಾರಿನ ಪುಸ್ತಕದಾಗ ಎರಡೂ ಪಟ್ಟಿ ಇರ್ತಾವ, ಓದ್ರಿ. ಪ್ಯಾಡು ಹೊಸದಿದ್ದಾಗ ಸುಮಾರು 10 ಮಿಲಿಮೀಟರ್ ದಪ್ಪ, 3ಕ್ಕ ಇಳೀತಂದ್ರ ಬದಲಿ ಮಾಡ್ರಿ. ಕೀಂ ಅಂತ ಸಪ್ಪಳ ಬಂದ್ರ ತಡಾ ಮಾಡಬ್ಯಾಡ್ರಿ. ಭಾಳಷ್ಟು ಪ್ಯಾಡಿಗೆ ಸವದಾಗ ಕೂಗ್ಲಿ ಅಂತನ ಒಂದು ಕಬ್ಬಿಣದ ನಾಲಿಗಿ ಹಚ್ಚಿರ್ತಾರ. ತಗದ ಪ್ಯಾಡು ತೋರಸ್ರಿ ಅಂತ ಕೇಳ್ರಿ. ಎಡಕ್ಕ ಬಲಕ್ಕ ಸಮ ಸವದಿದ್ರ ಅದು ಸವಕಳಿ, ರೊಕ್ಕ ಕೊಡ್ರಿ. ಒಂದ ಸವದಿದ್ರ ಕಾರಣ ಕೇಳ್ರಿ, ಕಾರಣಾನ ಜಾಬ್ ಕಾರ್ಡಿನ್ಯಾಗ ಬರಸ್ರಿ. ಒಪ್ಪಲಿಲ್ಲ ಅಂದ್ರ 1915 ನಂಬರಿಗೆ ಗ್ರಾಹಕರ ಸಹಾಯವಾಣಿ ಅದ, ಆಮ್ಯಾಲೆ ಜಿಲ್ಲಾ ಗ್ರಾಹಕ ಆಯೋಗ ಅದ. ಎರಡು ವರ್ಷದೊಳಗ ದೂರು ಕೊಡಬೇಕು, ನೀವು ಇರೋ ಊರಿನ ಜಿಲ್ಲಾದಾಗ ಕೊಡಬಹುದು.

ಕಾರು ಗಂಡನ ಹೆಸರಿಲೆ ಇರ್ಲಿ, ಮಗನ ಹೆಸರಿಲೆ ಇರ್ಲಿ, ನಡಸೋರು ನೀವು ಆಗಿದ್ರ ಕೇಳೋ ಹಕ್ಕು ನಿಮ್ಮದೂ ಅದ. ಮುಂದಿನ ಸರ್ವಿಸಿಗೆ ಹೋದಾಗ ಗಾಲಿ ಬಿಚ್ಚಿಸಿ ಒಂದ ಸಲ ಕಣ್ಣಿಲೆ ನೋಡ್ರಿ. ನಾವು ದ್ವಾಸಿ ಹಂಚು, ಬೀಸೋ ಕಲ್ಲು ನೋಡಿ ಸವಕಳಿ ಗುರ್ತು ಹಿಡಿಯೋ ಮಂದಿ, ಇದೇನು ನಮಗ ತಿಳೀದ ವಿದ್ಯಾ ಅಲ್ಲ.